ಆರ್‌ವಿ-7ಕ್ಕಿಂತ ಆರ್‌ವಿ-9 ದೊಡ್ಡದೇ?

ಓದುಗರ ಪ್ರಶ್ನೆ: ಕಿಟ್ ವಿಮಾನಗಳ ಹೆಸರು, ಸಂಖ್ಯೆ, ಅಕ್ಷರ

ಪ್ರಶ್ನೆ: ಮನೆಯಲ್ಲೇ ಜೋಡಿಸುವ ವಿಮಾನಗಳ ಬಗ್ಗೆ ಓದುತ್ತಿದ್ದೇನೆ. ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಆರ್‌ವಿ-4, 6, 7, 8, 9, ಸಾಲದ್ದಕ್ಕೆ 7ಎ, 9ಎ. ಸಂಖ್ಯೆ ಏರಿದ ಹಾಗೆ ವಿಮಾನವೂ ಸುಧಾರಿಸಿದೆಯೇ? 9 ಸಿಗುವಾಗ 7 ಯಾಕೆ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಕುವೆಂಪುನಗರ, ಮೈಸೂರು

ಉತ್ತರ: ಇಲ್ಲಿ ಸಂಖ್ಯೆ ದರ್ಜೆಯಲ್ಲ. ಗದ್ದೆ ಇರುವವರಿಗೆ ಇದು ಗೊತ್ತು: ಎಂಟಿಯು 1010 ಅಂದ ಮಾತ್ರಕ್ಕೆ ಆ ಭತ್ತ ಐಆರ್ 64ಕ್ಕಿಂತ ಮೇಲಲ್ಲ. ಆರ್‌ವಿಗಳಲ್ಲಿ ಸಂಖ್ಯೆ ಕಾಲಕ್ರಮವನ್ನೂ ಹೇಳುವುದಿಲ್ಲ. 9ರ ಕೆಲಸ 7ಕ್ಕಿಂತ ಮೊದಲೇ ಶುರುವಾಗಿತ್ತು. 4 ಮತ್ತು 8ರಲ್ಲಿ ಇಬ್ಬರು ಹಿಂದೆ ಮುಂದೆ ಕೂರುತ್ತಾರೆ. 6, 7, 9ರಲ್ಲಿ ಅಕ್ಕಪಕ್ಕ. 6ರ ಜಾಗಕ್ಕೆ 2001ರಲ್ಲಿ 7 ಬಂತು. ಹಳೆಯದು, ಹೊಸದು ಎಂಬ ಮಾತು ಈ ಎರಡರ ನಡುವೆ ಮಾತ್ರ ಸರಿ.

7 ಮತ್ತು 9ಕ್ಕೆ ಹೆಚ್ಚುಕಡಿಮೆ ಒಂದೇ ಒಡಲು. ಬೇರೆಯಾಗುವುದು ರೆಕ್ಕೆ ಮತ್ತು ಬಾಲ. 7ರ ರೆಕ್ಕೆಯ ಅಗಲ ತುದಿಯಿಂದ ತುದಿಗೆ 25 ಅಡಿ, 9ರದ್ದು 28 ಅಡಿ. ಉದ್ದ ರೆಕ್ಕೆಯ 9 ನಿಧಾನ ವೇಗದಲ್ಲೂ ತೇಲುತ್ತದೆ, ಇಳಿಯುವುದು ಸುಲಭ, ಆದರೆ ಪಲ್ಟಿ ಹೊಡೆಯುವ ಹಾರಾಟಕ್ಕೆ ಅದು ಆಗದು. 7 ಅದಕ್ಕೆಂದೇ ಗಟ್ಟಿಮಾಡಿದ್ದು. ಇಂಜಿನ್ ಕೂಡ ಹಾಗೇ: 7ಕ್ಕೆ 150ರಿಂದ 200 ಅಶ್ವಶಕ್ತಿ, 9ಕ್ಕೆ 118ರಿಂದ 160. ‘9ಕ್ಕೇ 200ರ ಇಂಜಿನ್ ಹಾಕಿದರೆ?’ ಎಂದು ಹಲವರು ಕೇಳುತ್ತಾರೆ. 9 ಯಾವತ್ತೂ ಮೀರಬಾರದ ವೇಗ ಗಂಟೆಗೆ 210 ಮೈಲಿ, 7ರದ್ದು 230. ದೊಡ್ಡ ಇಂಜಿನ್ ಆ ಗಡಿಯನ್ನು ಸಲೀಸಾಗಿ ದಾಟಿಸಿಬಿಡುತ್ತದೆ. ದಯವಿಟ್ಟು ಮಾಡಬೇಡಿ.

‘ಎ’ ಅಂದರೆ ಮೂಗಿನ ಕೆಳಗೆ ಚಕ್ರ. ಅಕ್ಷರ ಇಲ್ಲದಿದ್ದರೆ ಬಾಲದಲ್ಲಿ ಚಕ್ರ. ಚಿಕ್ಕ ಅಕ್ಷರವಾದರೂ ಲೋಹದ ಕೆಲಸ ದೊಡ್ಡದು. 7ರಲ್ಲಿ ಮುಖ್ಯ ಚಕ್ರಗಳ ಕಾಲುಗಳು ಇಂಜಿನ್ ಮೌಂಟಿಗೇ, ಎಂದರೆ ಇಂಜಿನ್ ಹಿಡಿದಿಡುವ ಚೌಕಟ್ಟಿಗೇ ಸಿಕ್ಕಿಕೊಳ್ಳುತ್ತವೆ. 7ಎಯಲ್ಲಿ ಅವು ರೆಕ್ಕೆಯ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಇರುವ ಮುಖ್ಯ ತೊಲೆ) ಹತ್ತಿರ ಒಡಲಿನೊಳಗೆ ಕೂರುತ್ತವೆ, ಮೌಂಟಿಗೆ ಮೂಗಿನ ಕಾಲು ಮಾತ್ರ. ಹಾಗಾಗಿ ಕೊನೆಗೆ ಮನಸ್ಸು ಬದಲಾಯಿಸುವಂತಿಲ್ಲ. 7 ಅಥವಾ 9 ಎಂಬುದನ್ನು ಮೊದಲ ಕಿಟ್ ಆದ ಬಾಲದ ಕಿಟ್ ತರಿಸುವ ಮುಂಚೆ ನಿರ್ಧರಿಸಿ. ‘ಎ’ ಬೇಕೋ ಬೇಡವೋ ಎಂಬುದನ್ನು ಒಡಲಿನ ಕಿಟ್‌ಗೆ ಮುಂಚೆ. ಹಳ್ಳದಿಣ್ಣೆಯ ಹುಲ್ಲುನೆಲವಾದರೆ ‘ಎ’ಯ ಮೂಗಿನ ಕಾಲು ಹಿಂದಕ್ಕೆ ಮಡಚಿ ವಿಮಾನ ಮಗುಚಿದ ಉದಾಹರಣೆಗಳಿವೆ. ನೆಲದ ಮೇಲೆ ಓಡಿಸುವಾಗ ಸ್ಟಿಕ್ಕನ್ನು ಪೂರ್ತಿ ಹಿಂದಕ್ಕೆ ಎಳೆದುಕೊಂಡಿದ್ದರೆ ಮೂಗಿನ ಮೇಲಿನ ಭಾರ ಇಳಿಯುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮಣ್ಣ ಅರ್ಧ ಮುಗಿದ ಜೆನಿತ್ ಸಿಎಚ್ 601 ಎಕ್ಸ್‌ಎಲ್ ಕಿಟ್ಟನ್ನು ಕಡಿಮೆ ಬೆಲೆಗೆ ಕೊಳ್ಳಲು ಹೊರಟಿದ್ದಾರೆ. ಎಚ್‌ಡಿ, ಎಚ್‌ಡಿಎಸ್, ಎಕ್ಸ್‌ಎಲ್, ಎಕ್ಸ್‌ಎಲ್-ಬಿ, 650 ಎಲ್ಲ ಒಂದೇ ಅಲ್ಲವೇ?
– ಓದುಗರು, ಮಂಡ್ಯ

ಉತ್ತರ: ದುಡ್ಡು ಕೊಡುವ ಮೊದಲು ಇದನ್ನು ಅಣ್ಣನಿಗೆ ಓದಿ ಹೇಳಿ. ಎಚ್‌ಡಿಯ ರೆಕ್ಕೆ ಬುಡದಿಂದ ತುದಿಯವರೆಗೆ ಒಂದೇ ಅಗಲ. ಎಚ್‌ಡಿಎಸ್ ರೆಕ್ಕೆ ಗಿಡ್ಡ, ತುದಿಗೆ ಕಿರಿದು. ಎಕ್ಸ್‌ಎಲ್ ರೆಕ್ಕೆ ಇವೆರಡೂ ಅಲ್ಲ, ಬೇರೆಯದೇ ವಿನ್ಯಾಸ. ಎಕ್ಸ್‌ಎಲ್ ವಿಮಾನಗಳು ಆಕಾಶದಲ್ಲೇ ಮುರಿದುಬಿದ್ದ ಸರಣಿ ಅಪಘಾತಗಳಾದ ಮೇಲೆ, ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2009ರ ಏಪ್ರಿಲ್‌ನಲ್ಲಿ ಇವುಗಳ ಹಾರಾಟ ನಿಲ್ಲಿಸಬೇಕೆಂದು ಒತ್ತಾಯಿಸಿತು. ಏಲರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸಲು ರೆಕ್ಕೆಯ ಹಿಂದಂಚಿನಲ್ಲಿರುವ ಆಡುವ ಹಲಗೆ) ಗಾಳಿಗೆ ಪಟಪಟ ಅದುರುವ ಫ್ಲಟರ್ ಮೇಲೆ ಮಂಡಳಿಯ ಅನುಮಾನವಿತ್ತು. ಮುಂದೆ ರೆಕ್ಕೆಯ ಬಲದ ಪ್ರಶ್ನೆಯೂ ಎದ್ದಿತು. ಅದೇ ವರ್ಷ ಬಂದ ತಿದ್ದುಪಡಿಯಲ್ಲಿ ಸ್ಪಾರ್‌ಗಳಿಗೆ ಬಲ ಕೊಡುವ ಪಟ್ಟಿಗಳೂ ಏಲರಾನಿಗೆ ಸಮತೂಕದ ಭಾರವೂ ಸೇರಿದವು. ‘ಬಿ’ ಅಂದರೆ ಈ ತಿದ್ದುಪಡಿ ಆಗಿದೆ ಎಂದು. ಒಂದಕ್ಷರದ ಬೆಲೆ ಇಲ್ಲಿ ಜೀವದ ಬೆಲೆ.

ಕಾಗದದ ಮೇಲಿನ ‘ಬಿ’ಯನ್ನು ನಂಬಬೇಡಿ. ಏಲರಾನ್‌ನಿಂದ ಮುಂದಕ್ಕೆ ಚಾಚಿದ ತೋಳಿನಲ್ಲಿ ತೂಕದ ಗುಂಡು ಇದೆಯೇ ನೋಡಿ. ಕಿಟ್‌ನ ಸೀರಿಯಲ್ ನಂಬರ್, ಡ್ರಾಯಿಂಗ್ ಹಾಳೆಗಳ ಮೂಲೆಯಲ್ಲಿರುವ ಪರಿಷ್ಕರಣೆಯ ದಿನಾಂಕ, ಸ್ಪಾರ್ ಮುಚ್ಚುವ ಮೊದಲು ತೆಗೆದ ಫೋಟೊ, ಈ ಮೂರನ್ನೂ ಕೇಳಿ. ಫೋಟೊ ಇಲ್ಲವೆಂದರೆ ರೆಕ್ಕೆಯ ತಗಡು ಬಿಚ್ಚಲೇಬೇಕು, ಮತ್ತು ಬಿಚ್ಚುವುದೇ ಕಷ್ಟದ ಕೆಲಸ. ಎಳೆಯುವ ರಿವೆಟ್‌ನ ನಡುವೆ ಉಕ್ಕಿನ ಕಡ್ಡಿ ಉಳಿದಿರುತ್ತದೆ. ನೇರ ಡ್ರಿಲ್ ಇಟ್ಟರೆ ಮೊನೆ ಅದರ ಮೇಲೆ ಜಾರಿ ಮೆತ್ತನೆಯ ಅಲ್ಯೂಮಿನಿಯಂ ಕಡೆಗೆ ಓಡುತ್ತದೆ, ತೂತು ಅಂಡಾಕಾರವಾಗುತ್ತದೆ. ಮೊದಲು ಸಣ್ಣ ಪಂಚ್‌ನಿಂದ ಕಡ್ಡಿಯನ್ನು ಒಳಕ್ಕೆ ತಳ್ಳಿ, ಆಮೇಲೆ ತಲೆಯಷ್ಟನ್ನು ಮಾತ್ರ ಕೊರೆದು ತೆಗೆಯಿರಿ. ತೂತು ಕೆಟ್ಟರೆ 3.2 ಮಿ.ಮೀ. ರಿವೆಟ್ ಜಾಗಕ್ಕೆ 4 ಮಿ.ಮೀ. ರಿವೆಟ್ ಹಾಕಬೇಕಾಗುತ್ತದೆ, ಆಗ ತೂತಿನ ನಡುವಿನಿಂದ ತಗಡಿನ ಅಂಚಿಗೆ ಕನಿಷ್ಠ 8 ಮಿ.ಮೀ., ಎಂದರೆ ವ್ಯಾಸದ ಎರಡರಷ್ಟು, ಉಳಿದಿರಬೇಕು. ಉಳಿಯದಿದ್ದರೆ ಆ ತಗಡು ಗುಜರಿಗೆ.

ಏಲರಾನ್ ಕೇಬಲ್‌ನ ಬಿಗಿಯನ್ನೂ ಮೀಟರ್ ಹಿಡಿದು ಅಳೆಯಬೇಕು. ಬೆರಳಿಂದ ಒತ್ತಿ ನೋಡಿದರೆ ಸಾಲದು. ಬಿಸಿಗೆ ಅಲ್ಯೂಮಿನಿಯಂ ಒಡಲು ಉಕ್ಕಿನ ಕೇಬಲ್‌ಗಿಂತ ಹೆಚ್ಚು ಹಿಗ್ಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಸರಿಯಿದ್ದ ಕೇಬಲ್ ಚಳಿಯ ಬೆಳಿಗ್ಗೆ ಸಡಿಲವಾಗಿರುತ್ತದೆ.

650ಕ್ಕೆ ದೊಡ್ಡ ಗಾಜಿನ ಮುಚ್ಚಳ, ಹಿಂದಕ್ಕೆ ವಾಲಿದ ಬಾಲ. ಅದು ಎಕ್ಸ್‌ಎಲ್‌ನ ಮುಂದಿನ ಪೀಳಿಗೆ.

ಪ್ರಶ್ನೆ: ನಮ್ಮ ರಾಜ್ಯಕ್ಕೂ ಇಂಥ ವಿಮಾನಗಳಿಗೂ ಏನಾದರೂ ನಂಟಿದೆಯೇ?
– ಶಾಲಾ ಶಿಕ್ಷಕಿ, ಮದ್ದೂರು

ಉತ್ತರ: ಇದೆ. ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) 1987ರಲ್ಲಿ ಹಾರಿಸಿದ ಎಲ್‌ಸಿಆರ್‌ಎ ಎಂಬ ಪ್ರಯೋಗ ವಿಮಾನಕ್ಕೆ ಅಮೆರಿಕದ ವಿನ್ಯಾಸಕಾರ ಬರ್ಟ್ ರುಟಾನ್ ಅವರ ಲಾಂಗ್-ಈಝಿ ಎಂಬ ಮನೆಯಲ್ಲೇ ಕಟ್ಟುವ ವಿಮಾನ ಆಧಾರ. ಬೆಂಗಳೂರಿನದೇ ರಾಜ್‌ಹಂಸ ಕಂಪನಿಯ ಎಕ್ಸ್-ಏರ್ ಕಿಟ್‌ಗಳು ಬ್ರಿಟನ್ನಿಗೂ ಹೋಗಿವೆ. ‘ಹನುಮಾನ್’ ಆ ಮನೆತನದ್ದೇ, ಜಬಿರು ಇಂಜಿನ್‌ನದು.

ಪ್ರಶ್ನೆ: ಕಿಟ್‌ಫಾಕ್ಸ್‌ನಂಥ ಹಗುರ ವಿಮಾನಕ್ಕೆ ರೊಟ್ಯಾಕ್ಸ್ 912 ಯುಎಲ್ ಇಂಜಿನ್ ಸಾಕೇ, ಯುಎಲ್‌ಎಸ್ ಬೇಕೇ? ಹಾರುವುದು ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಎಂದಿಟ್ಟುಕೊಳ್ಳಿ.
– ಮೋಟಾರ್ ಮೆಕ್ಯಾನಿಕ್, ಶ್ರೀರಂಗಪಟ್ಟಣ

ಉತ್ತರ: ಯುಎಲ್ 80 ಅಶ್ವಶಕ್ತಿ, ಯುಎಲ್‌ಎಸ್ 100. ಮಂಡಕಳ್ಳಿ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಏಪ್ರಿಲ್‌ನ 35 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ ಸುಮಾರು 5,300 ಅಡಿ ಎತ್ತರದ ಗಾಳಿಯಷ್ಟೇ ತೆಳು. ಟರ್ಬೊ ಇಲ್ಲದ ಇಂಜಿನ್ ಸಾವಿರ ಅಡಿಗೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ: 100 ಇದ್ದದ್ದು 84, 80 ಇದ್ದದ್ದು 67. ಇಬ್ಬರು ಕೂರುವುದಾದರೆ ಯುಎಲ್‌ಎಸ್ಸೇ ಸರಿ.

ಇಂಧನದ ವಿಷಯದಲ್ಲಿ ಎಚ್ಚರ ಬೇಕು. ಯುಎಲ್‌ಎಸ್‌ನ ಕಂಪ್ರೆಶನ್ ಹೆಚ್ಚು, ಅದಕ್ಕೆ ಕನಿಷ್ಠ 95 ಆಕ್ಟೇನ್ ಬೇಕು. ರೊಟ್ಯಾಕ್ಸ್ ಒಪ್ಪುವುದು 10% ಎಥನಾಲ್‌ವರೆಗೆ. ಈಗ ನಮ್ಮ ಬಂಕ್‌ಗಳಲ್ಲಿ ಸಿಗುವುದು 20% ಬೆರೆತದ್ದು. ಅದು ಹಳೆಯ ರಬ್ಬರ್ ಪೈಪನ್ನು ಉಬ್ಬಿಸುತ್ತದೆ, ಫೈಬರ್ ಟ್ಯಾಂಕಿನ ಅಂಟನ್ನು ಮೆತ್ತಗಾಗಿಸುತ್ತದೆ. ವಿಮಾನದ ಸೀಸಬೆರೆತ ಪೆಟ್ರೋಲ್ ಹಾಕಬಹುದು, ಆದರೆ ಸೀಸದ ಗಸಿ ಕೂರುವುದರಿಂದ ಆಯಿಲನ್ನು ಇನ್ನೂ ಬೇಗ ಬದಲಿಸಬೇಕು. ಕಿಟ್‌ಗೆ ಮುಂಗಡ ಕೊಡುವ ಮುಂಚೆ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯಿಂದ ಲಿಖಿತ ಉತ್ತರ ಪಡೆಯಿರಿ. ಆ ಅರ್ಜಿಯಲ್ಲಿ ವಿಮಾನದ ಮಾದರಿಯ ಜೊತೆ ಇಂಜಿನ್‌ನ ಪೂರ್ಣ ಹೆಸರನ್ನೂ ಕೊನೆಯ ‘ಎಸ್’ ಬಿಡದೆ ಬರೆಯಿರಿ.