ಮಳೆಗಾಲದಲ್ಲಿ ಹಳೆ ದೋಣಿ: ಎಂಜಿನ್ ಕೆಲಸ ಈಗ, ಫೈಬರ್ ಕೆಲಸ ಆಮೇಲೆ

ಪ್ರಶ್ನೆ: ನಮ್ಮ ಹತ್ತಿರ ಹದಿನೆಂಟು ಅಡಿಯ ಹಳೆ ಫೈಬರ್ ದೋಣಿ ಇದೆ. 25 ಹಾರ್ಸ್‌ಪವರ್‌ನ ಟು-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಮನೆಯವರು, ನೆಂಟರು ಬಂದಾಗ ಅಳಿವೆಯಲ್ಲಿ ಒಂದು ಸುತ್ತು ಹೋಗಿ ಬರುತ್ತೇವೆ. ಮಳೆ ಶುರುವಾದ್ದರಿಂದ ಅಂಗಳಕ್ಕೆ ತಂದಿಟ್ಟಿದ್ದೇವೆ. ಈಗ ಏನೇನು ರಿಪೇರಿ ಮಾಡಿಸಬಹುದು? ಹೊಸ ಫೋರ್-ಸ್ಟ್ರೋಕ್ ಎಂಜಿನ್ ಹಾಕಿ, ಮೇಲೆ ಮಾಡು ಕಟ್ಟಿ, ಅದರ ಮೇಲೂ ಇಬ್ಬರು ಮೂವರು ಕೂರುವ ಹಾಗೆ ಮಾಡೋಣ ಅಂತಾನೆ ಮಗ.
– ಓದುಗರು, ಕುಂಬಳೆ

ಉತ್ತರ: ಮೊದಲಿಗೆ ಮಾಡಿನ ಮಾತು. ದಯವಿಟ್ಟು ಬೇಡ. ಮೇಲೆ ಜನ ಕೂತರೆ ದೋಣಿಯ ಭಾರವೆಲ್ಲ ಮೇಲಕ್ಕೆ ಹೋಗುತ್ತದೆ, ಎಲ್ಲರೂ ಒಂದೇ ಬದಿಗೆ ಬಾಗಿದರೆ ಸಾಕು, ಮಗುಚುತ್ತದೆ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 22 ಜನ ಸತ್ತರಲ್ವಾ, ಅದು ಮೀನುಗಾರಿಕೆಯ ದೋಣಿಯನ್ನು ಪ್ರವಾಸಕ್ಕೆಂದು ಮಾರ್ಪಡಿಸಿದ್ದು, ಮೇಲಾಗಿ ಜನ ಜಾಸ್ತಿ ಹತ್ತಿದ್ದರು. ನೆರಳು ಬೇಕಿದ್ದರೆ ಹಗುರ ಪೈಪಿಗೆ ಬಟ್ಟೆ ಕಟ್ಟಿ, ಗಾಳಿ ಬಂದಾಗ ಮಡಚುವ ಹಾಗಿರಲಿ. ಉಳಿದ ದುಡ್ಡಿಗೆ ಪ್ರತಿಯೊಬ್ಬರಿಗೂ ಒಂದೊಂದು ಒಳ್ಳೆ ಲೈಫ್ ಜಾಕೆಟ್, ಮಕ್ಕಳಿಗೆ ಮಕ್ಕಳ ಅಳತೆಯದ್ದೇ.

ಇನ್ನು ರಿಪೇರಿ. ನಮ್ಮ ಕಡೆ ದೋಣಿಗೆ ಬಿಡುವು ಸಿಗುವುದೇ ಮಳೆಗಾಲದಲ್ಲಿ, ಫೈಬರ್ ಕೆಲಸಕ್ಕೆ ಬೇಕಾದದ್ದು ಒಣ ಹವೆ. ಹಾಗಾಗಿ ಕೆಲಸವನ್ನು ಎರಡು ಪಾಲು ಮಾಡಿ. ಎಂಜಿನ್, ವೈರಿಂಗ್ ಈಗ, ಮನೆಯ ಮಾಡಿನ ಅಡಿಯಲ್ಲಿ. ಒಡಲಿನ ಕೆಲಸ ತುಲಾ ತಿಂಗಳ ಗುಡುಗು ಮಳೆ ಕಳೆದ ಮೇಲೆ. ಹವೆಯಲ್ಲಿ ತೇವ ಇರುವಾಗ ರೆಸಿನ್ (ಫೈಬರಿಗೆ ಹಚ್ಚುವ ಅಂಟು) ಹಚ್ಚಿದರೆ ಸರಿಯಾಗಿ ಹಿಡಿಯುವುದಿಲ್ಲ.

ಎಂಜಿನ್ನಿಗೆ ಇಷ್ಟು ಮಾಡಿ. ಡ್ರಮ್ಮಿಗೆ ಬಾವಿ ನೀರು ತುಂಬಿಸಿ, ಎಂಜಿನ್ನಿನ ಕೆಳಭಾಗ ಮುಳುಗುವ ಹಾಗೆ ಇಟ್ಟು, ನ್ಯೂಟ್ರಲ್‌ನಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ, ಒಳಗಿನ ಉಪ್ಪು ತೊಳೆದು ಹೋಗಲಿ. ಪಕ್ಕದ ಸಣ್ಣ ತೂತಿನಿಂದ ನೀರು ಜೋರಾಗಿ ಚಿಮ್ಮುತ್ತಾ ನೋಡಿ. ಇಲ್ಲದಿದ್ದರೆ ತೂತು ಕಟ್ಟಿರಬೇಕು, ಇಲ್ಲಾ ಪಂಪಿನಲ್ಲಿ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಹೋಗಿರಬೇಕು. ಹಳೆ ಎಂಜಿನ್ ಅಂದ ಮೇಲೆ ಇಂಪೆಲ್ಲರ್ ಹೇಗೂ ಬದಲಿಸಿಬಿಡಿ, ಅಳಿವೆ ನಡುವೆ ಎಂಜಿನ್ ಕಾದು ನಿಂತರೆ ಆಗುವ ಖರ್ಚಿಗೆ ಹೋಲಿಸಿದರೆ ಅದು ಏನೂ ಅಲ್ಲ. ಕೊನೆಗೆ ಪೆಟ್ರೋಲ್ ಪೈಪ್ ಕಳಚಿ, ತಾನಾಗಿ ನಿಲ್ಲುವವರೆಗೆ ಓಡಲಿ. ಈಗಿನ ಪೆಟ್ರೋಲ್‌ನಲ್ಲಿ 20% ಎಥೆನಾಲ್ ಇರುತ್ತದೆ, ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತರೆ ನೀರು ಬೇರೆಯಾಗಿ ಕಾರ್ಬೊರೇಟರ್ ಹಾಳಾಗುತ್ತದೆ. ಟ್ಯಾಂಕ್ ಖಾಲಿ ಮಾಡಿಡಿ.

ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೊಂದು ಚಮಚ ಟು-ಸ್ಟ್ರೋಕ್ ಆಯಿಲ್ ಬಿಟ್ಟು ಹಗ್ಗವನ್ನು ನಿಧಾನಕ್ಕೆ ಕೆಲವು ಸಲ ಎಳೆಯಿರಿ. ಈ ಆಯಿಲ್ ಟಿಸಿ-ಡಬ್ಲ್ಯೂ3 ಅಂತ ಬರೆದದ್ದೇ ಆಗಬೇಕು, ಬೈಕಿನದ್ದು ಬೇಡ. ಆಮೇಲೆ ಗೇರ್ ಆಯಿಲ್ ಕೆಳಗಿನ ಸ್ಕ್ರೂನಿಂದ ಬಸಿಯಿರಿ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ಒಳಗೆ ನೀರು ಸೇರಿದೆ, ಸೀಲ್ ಬದಲಿಸಬೇಕು. ಹೊಸ ಆಯಿಲನ್ನು ಕೆಳಗಿನ ತೂತಿನಿಂದಲೇ ತುಂಬಿ, ಮೇಲಿನ ತೂತಿನಲ್ಲಿ ಕಾಣುವವರೆಗೆ, ಹಾಗಾದರೆ ನಡುವೆ ಗಾಳಿ ಉಳಿಯುವುದಿಲ್ಲ. ಎಂಜಿನ್ನಿನ ಲೋಹ ಉಪ್ಪುನೀರಿಗೆ ಸವೆಯದಿರಲಿ ಅಂತ ಅದರ ಕೆಳಭಾಗಕ್ಕೆ ಹಾಕಿದ ಸತುವಿನ ತುಂಡು ಅರ್ಧ ಸವೆದಿದ್ದರೆ ಬದಲಿಸಿ, ಅದಕ್ಕೆ ಪೇಂಟ್ ಮಾತ್ರ ಹೊಡೆಯಬೇಡಿ.

ಹೊಸ ಎಂಜಿನ್ ತರುವ ಮೊದಲು ಅದು ಕೂರುವ ಹಿಂಬದಿ ಹಲಗೆ ಪರೀಕ್ಷಿಸಿ. ಹಳೆ ದೋಣಿಗಳಲ್ಲಿ ಫೈಬರ್ ಒಳಗೆ ಪ್ಲೈವುಡ್ ಇರುತ್ತದೆ, ಬೋಲ್ಟಿನ ತೂತಿನಿಂದ ನೀರು ಇಳಿದು ಅದು ಕೊಳೆಯುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಬನ್ನಿ, ಸದ್ದು ಮೊಂಡಾದ ಕಡೆ ಒಳಬದಿಯಿಂದ ಸಣ್ಣ ತೂತು ಕೊರೆಯಿರಿ. ಒಣ, ಬಿಳಿಚು ಹುಡಿ ಬಂದರೆ ಚಿಂತೆ ಇಲ್ಲ, ಎಪಾಕ್ಸಿ ತುಂಬಿ ಮುಚ್ಚಿ. ಕಪ್ಪಗೆ, ಒದ್ದೆಯಾಗಿ, ಕೊಳೆತ ವಾಸನೆಯ ಹುಡಿ ಬಂದರೆ ಪ್ಲೈವುಡ್ ಪೂರ್ತಿ ತೆಗೆಸಿ ಹೊಸತು ಹಾಕಿಸುವುದೇ ದಾರಿ. ಫೋರ್-ಸ್ಟ್ರೋಕ್ ಎಂಜಿನ್‌ಗಳು ಸಾಮಾನ್ಯವಾಗಿ ತೂಕ ಜಾಸ್ತಿ, ಕೊಳೆತ ಹಲಗೆಗೆ ಅದನ್ನು ತೂಗುಹಾಕಿದರೆ ಹೊಳೆ ಮಧ್ಯದಲ್ಲಿ ಕಿತ್ತು ಹೋಗಬಹುದು. ಈ ಕೆಲಸದಿಂದ ಸೀಸನ್ನಿನ ಮೊದಲ ವಾರಗಳು ತಪ್ಪಿದರೂ ತಪ್ಪಲಿ.

ಅಲ್ಲಿಯವರೆಗೆ ಮುಂಬದಿ ಸ್ವಲ್ಪ ಎತ್ತರಿಸಿ, ಹಿಂದಿನ ಡ್ರೈನ್ ಪ್ಲಗ್ ತೆಗೆದೇ ಇಡಿ. ಸಾವಿರ ಲೀಟರ್ ಮಳೆನೀರು ನಿಂತರೆ ಒಂದು ಟನ್ ಭಾರ. ಟಾರ್ಪಾಲಿನ ಅಡಿ ಗಾಳಿಯಾಡಲಿ. ತೆಂಗಿನ ಮರದ ಬುಡದಲ್ಲಿದ್ದರೆ ಇವತ್ತೇ ಸರಿಸಿ.

ಪ್ರಶ್ನೆ: ದೋಣಿಯ ಬ್ಯಾಟರಿ ಮಳೆಗಾಲ ಕಳೆಯುವಷ್ಟರಲ್ಲಿ ಸತ್ತಿರುತ್ತದೆ. ಏನು ಮಾಡಲಿ?
– ಓದುಗರು, ಮಂಜೇಶ್ವರ

ಉತ್ತರ: ದೋಣಿಯಿಂದ ತೆಗೆದು ಮನೆಗೆ ತನ್ನಿ, ಗಾಳಿಯಾಡುವ ಕಡೆ ಇಡಿ. ಸುಮ್ನೆ ಇಟ್ಟರೂ ಚಾರ್ಜ್ ಇಳಿಯುತ್ತದೆ, ಅದಕ್ಕೇ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಬಿಟ್ಟು ಅಳೆದರೆ 12.6 ವೋಲ್ಟಿನ ಆಸುಪಾಸು ಇರಬೇಕು. 12.4ಕ್ಕೆ ಇಳಿಯುವ ಮೊದಲೇ ಮತ್ತೆ ಚಾರ್ಜಿಗೆ ಹಾಕಿ.