ಅಮ್ಮನ ಶುಗರ್ ಬೆಂಗಳೂರಿಂದ್ಲೇ ನೋಡ್ಬಹುದಾ ಡಾಕ್ಟ್ರೇ?

ಪ್ರಶ್ನೆ: ಅಮ್ಮಂಗೆ 74 ವರ್ಷ, ಶಿರಸಿ ಹತ್ರ ಹಳ್ಳಿಲಿ ಒಬ್ರೇ ಇರ್ತಾರೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮಾತ್ರೆ ತಗೋತಾರೆ. ಇತ್ತೀಚೆಗೆ ಬೆಳಗಿನ ಜಾವ ಬೆವರಿ, ತಲೆಸುತ್ತಿ ಬಿದ್ರು. ತೋಳಿಗೆ ಸೆನ್ಸರ್ ಹಾಕ್ಸಿದ್ರೆ ನನ್ ಫೋನಲ್ಲೇ ಶುಗರ್ ಕಾಣುತ್ತಂತೆ, ಹಾಕಿಸ್ಲಾ?
– ಓದುಗರು, ಬೆಂಗಳೂರು

ಉತ್ತರ: ಹಾಕ್ಸಿ, ಆದ್ರೆ ಅದಕ್ಕಿಂತ ಮೊದ್ಲು ಅಮ್ಮ ಬಿದ್ದ ವಿಷಯ ಅವರ ಡಾಕ್ಟ್ರಿಗೆ ಇವತ್ತೇ ಹೇಳಿ. ಗ್ಲಿಮೆಪಿರೈಡ್ ಊಟ ಮಾಡಿರ್ಲಿ ಬಿಡ್ಲಿ ಇನ್ಸುಲಿನ್ ಬಿಡಿಸುತ್ತೆ, ಒಬ್ರೇ ಇರೋ ವಯಸ್ಸಾದವ್ರು ರಾತ್ರಿ ಅಡಿಗೆ ಯಾಕೆ ಅಂತ ಒಂದ್ ಲೋಟ ಮಜ್ಜಿಗೆ ಕುಡಿದು ಮಲಗಿಬಿಡ್ತಾರೆ, ಕಿಡ್ನಿನೂ ಸ್ವಲ್ಪ ವೀಕಾಗಿದ್ರೆ ಬೆಳಗಿನ ಜಾವಕ್ಕೆ ಶುಗರ್ ಲೋ ಆಗೋದು ಹೀಗೇ. ಡೋಸ್ ಇಳಿಸ್ಬೇಕಾ, ಮಾತ್ರೆನೇ ಬದಲಿಸ್ಬೇಕಾ ಅವ್ರು ನೋಡ್ತಾರೆ. ನೀವಾಗೇ ನಿಲ್ಲಿಸ್ಬೇಡಿ.

ಸೆನ್ಸರ್ ತಗೊಳೋವಾಗ ಒಂದೇ ಮಾತು ಕೇಳಿ, ಲೋ ಆದ್ರೆ ತಾನಾಗೇ ಅಲಾರಂ ಹೊಡಿಯುತ್ತಾ ಅಂತ. ಕೆಲವು ಮಾಡೆಲ್‌ಗೆ ಫೋನ್ ಹಿಡಿದು ಸ್ಕ್ಯಾನ್ ಮಾಡಿದ್ರೆ ಮಾತ್ರ ನಂಬರ್ ಬರುತ್ತೆ, ನಿದ್ದೇಲಿರೋ ಅಮ್ಮಂಗೆ ಅದ್ರಿಂದ ಏನೂ ಉಪಯೋಗ ಇಲ್ಲ. ಇನ್ನು ಹಳ್ಳಿಲಿ ನೆಟ್ ಹೋದ್ರೆ ಅವ್ರ ಫೋನ್ ಹೊಡ್ಕೊಂಡ್ರೂ ನಿಮಗೆ ಗೊತ್ತಾಗಲ್ಲ, ಅದಕ್ಕೇ ಪಕ್ಕದ ಮನೆಯವ್ರಿಗೂ ಹೇಳಿಟ್ಟಿರಿ, ಒಂದು ಕೀಲಿಕೈನೂ ಕೊಟ್ಟಿರಿ. 70ಕ್ಕಿಂತ ಕೆಳಗೆ ಬಂದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡ್ಬೇಕು. ಎಚ್ಚರ ಇಲ್ದಿದ್ರೆ ಬಾಯಿಗೆ ಏನೂ ಹಾಕ್ಬಾರ್ದು, 108ಕ್ಕೆ ಫೋನ್ ಮಾಡೋದೇ.

ಸೆನ್ಸರ್ ಅಳೆಯೋದು ರಕ್ತ ಅಲ್ಲ, ಚರ್ಮದ ಕೆಳಗಿನ ದ್ರವ, ಹಾಗಾಗಿ ಶುಗರ್ ಏರಿಳಿತಿರೋವಾಗ ಅದರ ನಂಬರ್ ಸ್ವಲ್ಪ ಹಿಂದೇನೇ ಇರುತ್ತೆ. ಆ ತೋಳಿನ ಮೇಲೆ ಭಾರ ಬಿಟ್ಟು ಮಲಗಿದ್ರೆ ಸುಳ್ಳು ಲೋನೂ ತೋರಿಸುತ್ತೆ. ಅನುಮಾನ ಬಂದ್ರೆ ಬೆರಳಿಗೆ ಚುಚ್ಚಿ ಗ್ಲುಕೋಮೀಟರಲ್ಲಿ ನೋಡ್ಲಿ.

ಊಟ ಆದ್ಮೇಲೆ 210 ಕಂಡ ತಕ್ಷಣ "ಏನ್ ತಿಂದೆ ಅಮ್ಮಾ" ಅಂತ ಮಾತ್ರ ಫೋನ್ ಮಾಡ್ಬೇಡಿ, ದಯವಿಟ್ಟು. ಬೈಗುಳಕ್ಕೆ ಹೆದರಿ ಊಟಾನೇ ಕಮ್ಮಿ ಮಾಡ್ಬಿಡ್ತಾರೆ, ಲೋ ಆಗೋಕೆ ಅಷ್ಟು ಸಾಕು. ಈ ವಯಸ್ಸಲ್ಲಿ ದಿನದ ಅರ್ಧಕ್ಕಿಂತ ಜಾಸ್ತಿ ಹೊತ್ತು 70ರಿಂದ 180ರ ಒಳಗಿದ್ರೆ ಸಾಕು, 70ಕ್ಕಿಂತ ಕೆಳಗೆ ದಿನಕ್ಕೆ 15 ನಿಮಿಷಾನೂ ಇರ್ಬಾರ್ದು.

ಒಂದು ಸೆನ್ಸರ್ ಸಾಮಾನ್ಯವಾಗಿ ಎರಡು ವಾರ ಬರುತ್ತೆ, ತಿಂಗಳು ತಿಂಗಳು ಹಾಕ್ಸೋದು ಖರ್ಚಿನ ಮಾತೇ. ಕಷ್ಟ ಆದ್ರೆ ಮಾತ್ರೆ ಬದಲಾದ ಮೇಲೆ ಒಂದ್ಸಲ ಹಾಕ್ಸಿ, ಆ ರಿಪೋರ್ಟ್ ಡಾಕ್ಟ್ರಿಗೆ ತೋರಿಸಿ.