ಕಣ್ಣು ಮತ್ತೆ ಹೊರಗೆ ಜಾರಿದರೆ

ಹಾಸನದ ಓದುಗರೊಬ್ಬರ ಪತ್ರದ ಸಾರ: ಐದನೇ ವಯಸ್ಸಿನಲ್ಲಿ ಮಗಳ ಎರಡೂ ಕಣ್ಣಿಗೆ ಮೆಳ್ಳೆಗಣ್ಣಿನ ಆಪರೇಷನ್ ಆಗಿತ್ತು. ಈಗ ಒಂಬತ್ತು ವರ್ಷ. ದಣಿದಾಗ ಬಲಗಣ್ಣು ಮತ್ತೆ ಹೊರಕ್ಕೆ ಹೋಗುತ್ತದೆ, ಬಿಸಿಲಿಗಿಳಿದರೆ ಒಂದು ಕಣ್ಣು ಮುಚ್ಚುತ್ತಾಳೆ. ಮೊದಲಿನದು ಕೆಟ್ಟಿತೇ? ಇನ್ನೊಮ್ಮೆ ಮಾಡಿಸಬೇಕೇ? ಅತ್ತೆ 'ಮೆಳ್ಳೆಗಣ್ಣು ಅದೃಷ್ಟ, ಬಿಡಿ' ಅನ್ನುತ್ತಾರೆ.

ಉತ್ತರ: ಕೆಟ್ಟಿತೆಂದು ಕೊರಗಬೇಡಿ. ಆಪರೇಷನ್ ಸ್ನಾಯುವಿನ ಎಳೆತವನ್ನು ಬದಲಿಸುತ್ತದೆ. ಎರಡು ಕಣ್ಣಿನ ನೋಟವನ್ನು ಒಂದಾಗಿ ಹಿಡಿದಿಡುವುದು ಮೆದುಳಿನ ಕೆಲಸ. ಆ ಹಿಡಿತ ಸಡಿಲವಿದ್ದರೆ ಕಣ್ಣು ಮರಳಿ ಜಾರುತ್ತದೆ. ಹೊರಮೆಳ್ಳೆಯಲ್ಲಿ, ಅಂದರೆ ಕಣ್ಣು ಹೊರಕ್ಕೆ ವಾಲುವ ಬಗೆಯಲ್ಲಿ, ಇದು ಅಪರೂಪವಲ್ಲ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಎರಡೂ ಕಣ್ಣಿನ ಹೊರಸ್ನಾಯು ಹಿಂದಕ್ಕೆ ಸರಿಸಿದ ಮಕ್ಕಳಲ್ಲಿ ಶೇ 46ರಷ್ಟು, ಒಂದೇ ಕಣ್ಣಿನ ಎರಡು ಸ್ನಾಯು ಸರಿಪಡಿಸಿದವರಲ್ಲಿ ಶೇ 37ರಷ್ಟು ಮಂದಿಗೆ 3 ವರ್ಷದೊಳಗೆ ಫಲ ಸಾಲದೆ ಹೋಯಿತು.

ಅದೃಷ್ಟದ ಮಾತು ಬದಿಗಿರಲಿ. ಎರಡೂ ಕಣ್ಣು ಸೇರಿ ದೂರ, ಆಳ ಅಳೆಯುವ ನೋಟ ಕುಂದಿದರೆ ಅದು ಮಗುವಿಗೆ ನಿಜವಾದ ನಷ್ಟ.

ಮೊದಲು ಹನಿ ಹಾಕಿ ಕನ್ನಡಕದ ನಂಬರು ನೋಡಿಸಿ. ಸಮೀಪದೃಷ್ಟಿ ಇದ್ದು ಕನ್ನಡಕ ಹಾಕದಿದ್ದರೂ ಕಣ್ಣು ವಾಲುತ್ತದೆ. ಬಳಿಕ ವಾಲಿಕೆ ಅಳೆಯುವ ಪ್ರಿಸಂ ಗಾಜು ಹಿಡಿದು 6 ಮೀಟರ್ ಮತ್ತು 33 ಸೆಂ.ಮೀ. ದೂರದಲ್ಲಿ ಅಳತೆಯಾಗಲಿ. ಎಚ್ಚರವಿರುವಾಗ ಅರ್ಧಕ್ಕಿಂತ ಹೆಚ್ಚು ಹೊತ್ತು ಕಣ್ಣು ಹೊರಗಿದ್ದರೆ ಅಥವಾ ಆಳದ ನೋಟ ಇಳಿಯುತ್ತಿದ್ದರೆ ಮರುಆಪರೇಷನ್ ಮಾಡಿಸುವುದೇ ಸರಿ. ದಣಿದಾಗ ಮಾತ್ರವಾದರೆ ಕೆಲವು ತಿಂಗಳು ಕಾದು ಮತ್ತೆ ಅಳೆಸಬಹುದು. ಮನೆಯಲ್ಲಿ ದಿನವೂ ಯಾವಾಗ, ಎಷ್ಟು ಹೊತ್ತು ಎಂದು ಬರೆದಿಡಿ, ಒಂದೆರಡು ಫೋಟೊ ತೆಗೆದಿಡಿ.

ಎಲ್ಲಕ್ಕಿಂತ ಮುಖ್ಯ, ಹಳೇ ಆಸ್ಪತ್ರೆಯಿಂದ ಆಪರೇಷನ್ ನೋಟ್ಸ್ ತರಿಸಿಕೊಳ್ಳಿ. ಯಾವ ಸ್ನಾಯು, ಎಷ್ಟು ಮಿ.ಮೀ. ಎಂಬುದು ಅದರಲ್ಲಿರುತ್ತದೆ. ಕಣ್ಣಿನ ಮುಂಭಾಗಕ್ಕೆ ರಕ್ತ ಹೋಗುವುದು ಬಹುಪಾಲು ಕಣ್ಣು ಹೊರಳಿಸುವ ಈ ನೇರ ಸ್ನಾಯುಗಳ ಮೂಲಕವೇ. ಒಂದೇ ಕಣ್ಣಿನಲ್ಲಿ ಹಲವನ್ನು ಬಿಡಿಸಿದರೆ ರಕ್ತಪೂರೈಕೆ ಕುಗ್ಗುತ್ತದೆ. ಮೊದಲು ಮುಟ್ಟಿದ್ದು ಹೊರಸ್ನಾಯುಗಳನ್ನಷ್ಟೇ ಆಗಿದ್ದರೆ, ಈಗ ಸಾಮಾನ್ಯವಾಗಿ ಕತ್ತರಿಸಿ ಮೊಟಕು ಮಾಡುವುದು ಒಳಸ್ನಾಯುಗಳನ್ನು. ಪ್ರಿಸಂ ಅಳತೆಯಲ್ಲಿ 20ರಷ್ಟು ವಾಲಿಕೆಗೆ ಎರಡೂ ಕಡೆ ತಲಾ 4 ಮಿ.ಮೀ., 25ಕ್ಕೆ 5 ಮಿ.ಮೀ. ಸುಮಾರು. ಒಂದು ಮಿ.ಮೀ. ಹೆಚ್ಚಾದರೂ ಕಣ್ಣು ಒಳಕ್ಕೆ ತಿರುಗಿ ಎರಡೆರಡು ಕಾಣುವ ಸಂಭವವುಂಟು. ಸ್ನಾಯು ಅಂಟಿಕೊಂಡಿರುವ ಜಾಗದ ಹಿಂದೆ ಬಿಳಿಗುಡ್ಡೆಯ ದಪ್ಪ 0.3 ಮಿ.ಮೀ. ಮಾತ್ರ, ಸೂಜಿ ಅದರೊಳಗೇ ಸಾಗಬೇಕು. ಹಾಗಾಗಿ ಮರುಆಪರೇಷನ್‌ಗಳನ್ನು ಹೆಚ್ಚಾಗಿ ಮಾಡುವ ಮಕ್ಕಳ ಮೆಳ್ಳೆಗಣ್ಣು ತಜ್ಞರನ್ನೇ ಹುಡುಕಿ.

ಆಪರೇಷನ್ ಆದ ಮೇಲೆ ಹೊಲಿಗೆ ತಾನಾಗಿ ಕರಗುತ್ತದೆ. ಕೆಂಪು ಎರಡು ಮೂರು ವಾರ ಇರುತ್ತದೆ. ಈಜು, ಧೂಳು ಬೇಡ. ಮೊದಲ ದಿನಗಳಲ್ಲಿ ಎರಡೆರಡು ಕಂಡರೆ ಗಾಬರಿ ಬೇಡ, ಸಾಮಾನ್ಯವಾಗಿ ಇಳಿಯುತ್ತದೆ. ನೋವು ಏರುತ್ತಿದ್ದರೆ, ಕೀವು ಬಂದರೆ, ದೃಷ್ಟಿ ಮಂಕಾದರೆ, ಕಣ್ಣು ಒಳಕ್ಕೆ ಹೊರಳದಂತಾದರೆ ಸ್ನಾಯು ಜಾರಿರಬಹುದು ಅಥವಾ ಸೋಂಕಾಗಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ.